ಇಂಧನದೊಳಗಿನ ಕಲ್ಮಷ

ಅಡಿಗೆಮನೆಯ ಅನಿಲವು ಸೋರಿದೊಡನೆ ಮೂಗಿಗೆ ಬಡಿಯುವ ದುರ್ವಾಸನೆಯನ್ನು ವಾಚಕರೆಲ್ಲರೂ ಬಲ್ಲರು. ಆ ವಾಸನೆಯು ಅನಿಲದ ಸ್ವಭಾವವಲ್ಲ. ಗೃಹಸ್ಥರಿಗೆ ಅಪಾಯದ ಸೂಚನೆ ದೊರೆಯಲೆಂದು ಗಂಧಕಯುಕ್ತವಾದ ಮರ್ಕ್ಯಾಪ್ಟನ್ ಎಂಬ ದ್ರವ್ಯವನ್ನು ಅದರಲ್ಲಿ ಬೇಕೆಂದೇ ಬೆರೆಸಿರುವರು. ನಮ್ಮ ಪ್ರಾಣವನ್ನು ಕಾಯುವ ಈ ಗಂಧಕವೇ ಇನ್ನೊಂದು ಸಾಧನಕ್ಕೆ ವಿಷವಾಗುವ ಬಗೆಯನ್ನು ಈ ಸಲ ವಿವರಿಸುವೆವು.

ಇಂಧನಕೋಶವೆಂಬುದು ಇಂಧನವನ್ನು ಜ್ವಾಲೆಯಲ್ಲಿ ಉರಿಸದೆ, ಗಾಳಿಯ ಆಮ್ಲಜನಕದೊಡನೆ ಅದನ್ನು ಸಂಯೋಗಗೊಳಿಸಿ ನೇರವಾಗಿ ವಿದ್ಯುಚ್ಛಕ್ತಿಯನ್ನು ಕೊಡುವ ಸಾಧನ. ಇದರ ಮೂಲತತ್ತ್ವವನ್ನು ವಿಲಿಯಂ ಗ್ರೋವ್ ಎಂಬ ವಿಜ್ಞಾನಿಯು 1839ರಲ್ಲಿಯೇ ತೋರಿಸಿದನು. 1937ರಲ್ಲಿ ಬೌರ್ ಮತ್ತು ಪ್ರೈಸ್ ಎಂಬವರು ಪಿಂಗಾಣಿಯಂತಹ ಘನವಸ್ತುವಿನಿಂದ ಮಾಡಿದ ಕೋಶವನ್ನು ಸುಮಾರು 1000 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ನಡೆಸಿದರು. ಇಂದಿನ ಇಂತಹ ಕೋಶಗಳು 600ರಿಂದ 1000 ಡಿಗ್ರಿಗಳವರೆಗಿನ ಶಾಖದಲ್ಲಿ ಕೆಲಸಮಾಡುವುವು. ಇಷ್ಟು ಶಾಖವಿರುವುದರಿಂದ, ತಣ್ಣನೆಯ ಕೋಶಗಳಿಗೆ ವಿಷವಾದ ಕಾರ್ಬನ್ ಮಾನಾಕ್ಸೈಡ್ ಕೂಡ ಇವುಗಳಿಗೆ ಆಹಾರವಾಗುವುದು.

ಆದರೆ ಗಂಧಕದ ಮಾತು ಬೇರೆ. ಇಂಧನದ ಕಡೆಗೆ ಇರುವ ನಿಕ್ಕಲ್ ಲೋಹದ ಮೈಮೇಲೆಯೇ ಎಲ್ಲ ಕಾರ್ಯವೂ ನಡೆಯಬೇಕು. ಹತ್ತು ಲಕ್ಷ ಭಾಗ ಇಂಧನದಲ್ಲಿ ಕೆಲವೇ ಭಾಗ ಗಂಧಕವಿದ್ದರೂ ಅದು ನಿಕ್ಕಲ್ಲಿಗೆ ಅಂಟಿಕೊಂಡು ಜಲಜನಕಕ್ಕೆ ಎಡೆಗೊಡದು. ಪಂಕ್ತಿಯಲ್ಲಿ ಉಂಡವನು ಏಳದೆ ಕುಳಿತರೆ ಮುಂದಿನವನಿಗೆ ಎಲೆ ದೊರೆಯುವುದುಂಟೇ? ಶಾಖವು ಕಡಮೆಯಾದಷ್ಟೂ ಈ ಹಿಡಿತವು ಬಲವಾಗುವುದು. ಶುದ್ಧ ಇಂಧನವನ್ನು ಮತ್ತೆ ಹಾಯಿಸಿದರೆ ಗಂಧಕವು ಬಹುಮಟ್ಟಿಗೆ ಬಿಟ್ಟುಹೋಗಿ ಕೋಶವು ಚೇತರಿಸಿಕೊಳ್ಳುವುದು. ಆದರೆ ಬಹುಕಾಲ ವಿಷವುಂಡ ಕೋಶಕ್ಕೆ ಪೂರ್ಣ ಆರೋಗ್ಯವು ಮರಳುವುದು ಕಷ್ಟ.

ಚರಂಡಿಯ ಕೊಳೆಯಿಂದ ಹುಟ್ಟುವ ಅನಿಲದಲ್ಲಿ ಇನ್ನೊಂದು ಶತ್ರುವುಂಟು. ನಾವು ತಲೆಗೂ ಮೈಗೂ ಹಚ್ಚಿ ತೊಳೆದ ಶೃಂಗಾರದ್ರವ್ಯಗಳಲ್ಲಿನ ಸಿಲಿಕಾನ್ ಅದರೊಳಗೆ ಸೇರಿ, ಕೋಶದ ಶಾಖದಲ್ಲಿ ಮರಳಿನ ಸತ್ತ್ವವಾಗಿ ಮಾರ್ಪಟ್ಟು ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುವುದು. ಇದು ಗಂಧಕದಂತೆ ಬಿಟ್ಟುಹೋಗತಕ್ಕುದಲ್ಲ.

ಆದುದರಿಂದ ಶುದ್ಧಿಯು ಬಾಗಿಲಲ್ಲೇ ಆಗಬೇಕು. ಗೋಬರ್ ಅನಿಲದಲ್ಲಿನ ಕೊಳೆತ ಮೊಟ್ಟೆಯ ವಾಸನೆಯ ಗಂಧಕವನ್ನು ಕಬ್ಬಿಣದ ತುಕ್ಕಿನ ಮೇಲೆ ಹಾಯಿಸಿ ಹಿಡಿಯಬಹುದು. ಉಳಿದುದನ್ನು ಬಿಸಿಯಾದ ಸತುವಿನ ಆಕ್ಸೈಡ್ ಹೀರುವುದು. ಸಿಲಿಕಾನಿಗೆ ಇದ್ದಲಿನ ಸೋಸುಕವುಂಟು. ಆದರೆ ಹೀರಿ ತುಂಬಿದ ಸೋಸುಕವನ್ನು ಸಕಾಲದಲ್ಲಿ ಬದಲಿಸದಿದ್ದರೆ ಅದು ಇದ್ದೂ ಇಲ್ಲದಂತೆಯೇ. ಬಾವಿಯ ನೀರನ್ನು ಕೊಡಕ್ಕೆ ತುಂಬುವ ಮೊದಲೇ ಸೋಸುವ ಗೃಹಿಣಿಯು, ಆ ಬಟ್ಟೆಯನ್ನು ಒಗೆಯುವುದನ್ನೂ ಮರೆಯಳಷ್ಟೆ!