ತಪ್ಪು ಔಷಧಿಯಿಂದ ಹಾನಿ: ರೋಗಿಗೆ ಇರುವ ಕಾನೂನಿನ ದಾರಿಗಳು

ಆಸ್ಪತ್ರೆಯಲ್ಲಿ ತಪ್ಪು ಔಷಧಿಯಿಂದಲೋ ಮಿತಿಮೀರಿದ ಪ್ರಮಾಣದಿಂದಲೋ ಹಾನಿಯಾದರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ಕಂಡುಬರುತ್ತವೆ. ಒಂದೋ ಆಸ್ಪತ್ರೆಯ ಎದುರು ಗಲಾಟೆ, ಇಲ್ಲವೇ ಹಣೆಬರಹವೆಂದು ಮೌನ. ಕಾನೂನಿನ ದಾರಿ ನೆನಪಾಗುವಾಗ ಹಲವು ಬಾರಿ ತಡವಾಗಿರುತ್ತದೆ.

ಅನುರಾಧಾ ಸಾಹಾ ಪ್ರಕರಣವನ್ನೇ ನೋಡೋಣ. ಅಮೆರಿಕದಲ್ಲಿ ನೆಲೆಸಿದ್ದ ಈ ಮಹಿಳೆ 1998ರಲ್ಲಿ ಕೋಲ್ಕತ್ತಾಕ್ಕೆ ಬಂದಿದ್ದಾಗ ಚರ್ಮದಲ್ಲಿ ದದ್ದುಗಳೆದ್ದವು. ದೇಹದಲ್ಲಿ ಬಹುದಿನ ಉಳಿದು ಕೆಲಸ ಮಾಡುವ ಡೆಪೊಮೆಡ್ರಾಲ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು 80 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಕೊಡುವಂತೆ ಬರೆಯಲಾಯಿತು. ಅದೇ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಸ್ವತಃ ವೈದ್ಯರಾದ ಪತಿ ಡಾ. ಕುನಾಲ್ ಸಾಹಾ ಹೋರಾಟ ಬಿಡಲಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟು ನಿರ್ಲಕ್ಷ್ಯ ನಡೆದಿದೆಯೆಂದು ಹೇಳಿತು. 2013ರ ಅಕ್ಟೋಬರ್‌ನಲ್ಲಿ ಸುಮಾರು 6 ಕೋಟಿ ರೂಪಾಯಿ ಪರಿಹಾರವನ್ನು ಬಡ್ಡಿ ಸಹಿತ ನೀಡಲು ಆದೇಶಿಸಿತು. ಆದರೆ 2009ರ ಅದೇ ತೀರ್ಪು ವೈದ್ಯರನ್ನು ಕ್ರಿಮಿನಲ್ ಅಪರಾಧಿಗಳೆಂದು ಪರಿಗಣಿಸಲಿಲ್ಲ.

ಈ ವ್ಯತ್ಯಾಸ ಮುಖ್ಯ. ವೈದ್ಯರನ್ನು ಶಿಕ್ಷೆಗೆ ಗುರಿಪಡಿಸಲು ಘೋರ ನಿರ್ಲಕ್ಷ್ಯವೇ ಸಾಬೀತಾಗಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ, ಚಿಕಿತ್ಸೆಯ ವೇಳೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ನೋಂದಾಯಿತ ವೈದ್ಯರಿಗೆ ಗರಿಷ್ಠ ಎರಡು ವರ್ಷ ಸೆರೆವಾಸ. ಪೊಲೀಸ್ ಠಾಣೆಗೆ ಮೊದಲು ಓಡುವವರು ಅತಿ ಕಠಿಣವಾದ ದಾರಿಯನ್ನೇ ಆರಿಸಿಕೊಂಡಂತಾಗುತ್ತದೆ.

ಪರಿಹಾರ ಬೇಕಾದವರಿಗೆ ಜಿಲ್ಲಾ ಗ್ರಾಹಕ ಆಯೋಗವೇ ಹತ್ತಿರದ ಬಾಗಿಲು. 2019ರ ಕಾಯಿದೆಯಂತೆ ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಔಷಧಿ ಕೊಟ್ಟ ನರ್ಸ್ ಯಾರೆಂದು ಹುಡುಕಬೇಕಾಗಿಲ್ಲ, ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆಯೇ ಉತ್ತರ ಹೇಳಬೇಕು. ಎಲ್ಲಾ ಪ್ರಕರಣಗಳಲ್ಲಿಯೂ ತಜ್ಞರ ಸಾಕ್ಷ್ಯ ಕಡ್ಡಾಯವಲ್ಲವೆಂದು 2010ರ ಕಿಶನ್ ರಾವ್ ತೀರ್ಪಿನಲ್ಲಿದೆ. ಅಲ್ಲಿ ಮಲೇರಿಯಾ ರೋಗಿಗೆ ಟೈಫಾಯ್ಡ್ ಚಿಕಿತ್ಸೆ ನಡೆದಿತ್ತು.

ಧರ್ಮಾರ್ಥ ಆಸ್ಪತ್ರೆಗಳು ಇದರಿಂದ ಹೊರಗಿವೆಯೇ? ಇಲ್ಲ. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತ ಚಿಕಿತ್ಸೆ ಕೊಡುವಲ್ಲಿ ಆ ಬಡವರೂ ಗ್ರಾಹಕರೇ ಎಂದು 1995ರ ವಿ.ಪಿ. ಶಾಂತಾ ತೀರ್ಪು ಸ್ಪಷ್ಟಪಡಿಸಿದೆ. ಧರ್ಮಪ್ರಾಂತ್ಯಗಳೂ ಧಾರ್ಮಿಕ ಸಭೆಗಳೂ ನಡೆಸುವ ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆ, ಅನ್ವಯಿಸಬೇಕಾದದ್ದೇ. ಎಲ್ಲರಿಗೂ ಪೂರ್ತಿ ಉಚಿತವಾಗಿರುವ ಆಸ್ಪತ್ರೆಯಾದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ವೈದ್ಯಕೀಯ ಪರಿಷತ್ತಿಗೂ ದೂರು ಕೊಡಬಹುದು, ಆದರೆ ಅದು ವೈದ್ಯರ ನೋಂದಣಿಯ ಮೇಲೆ ಕ್ರಮ ಕೈಗೊಳ್ಳಬಹುದೇ ಹೊರತು ಹಣ ಕೊಡಿಸಲಾರದು.

ಯಾವ ದಾರಿ ಹಿಡಿದರೂ ಮೊದಲು ಬೇಕಾದದ್ದು ಕಾಗದಪತ್ರ. 2002ರ ವೈದ್ಯಕೀಯ ನೀತಿ ನಿಯಮಗಳಂತೆ, ಲಿಖಿತವಾಗಿ ಕೇಳಿದ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡತಕ್ಕದ್ದು. ಡಿಸ್ಚಾರ್ಜ್ ಚೀಟಿಯೊಂದೇ ಸಾಲದು. ಯಾವ ಔಷಧಿ, ಎಷ್ಟು ಪ್ರಮಾಣ, ಯಾವ ಹೊತ್ತಿಗೆ ಎಂಬುದು ಬರೆದಿರುವ ನರ್ಸ್‌ಗಳ ಚಾರ್ಟನ್ನು ಹೆಸರಿಸಿಯೇ ಕೇಳಬೇಕು.