ಮೂಲೆಗೆ ಬಿದ್ದ ಟ್ರೈಲರ್‌ಗೆ ಇನ್ನೊಂದು ಟ್ರಿಪ್

ಗೌರಿಬಿದನೂರು ಹತ್ತಿರ ನಮ್ಮ ತಾತನ ಊರಲ್ಲಿ, ಹುಣಸೆಮರದ ಕೆಳಗೆ ಎರಡು ಚಕ್ರದ ಟ್ರ್ಯಾಕ್ಟರ್ ಟ್ರೈಲರ್ ಒಂದು ನಿಂತಿದೆ. ತಾತ ಟ್ರ್ಯಾಕ್ಟರ್ ಮಾರಿ ಆರು ವರ್ಷ ಆಯ್ತು, ಟ್ರೈಲರ್ ಮಾತ್ರ ಉಳ್ಕೊಂಡಿದೆ. ಈಗ ಅದರಲ್ಲಿ ಕೋಳಿಗಳು ಮೊಟ್ಟೆ ಇಡುತ್ತವೆ. ದಸರಾ ರಜೆಯಲ್ಲಿ ಗುಜರಿಯವನು ಬಂದು ಕೆ.ಜಿ. ಲೆಕ್ಕದಲ್ಲಿ ಕೇಳಿದ. "ಕೊಡಬೇಡ ತಾತ, ಕ್ಯಾಂಪಿಂಗ್‌ಗೆ ಬೇಕು" ಅಂದೆ. ತಾತ ನಕ್ಕರು.

ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರೂ ಆಫ್-ರೋಡ್ ಕ್ಯಾಂಪಿಂಗ್ ವಿಡಿಯೋ ನೋಡ್ತೀವಿ. ಅದರಲ್ಲಿ ಬರೋ ಟ್ರೈಲರ್‌ಗಳಿಗೆ ಲಕ್ಷಗಟ್ಟಲೆ ಬೆಲೆ. ಆದರೆ ಅಲ್ಲೂ ಹಳೇ ಸಾಮಾನಿಂದಲೇ ಎಷ್ಟೋ ಜನ ಶುರು ಮಾಡಿದ್ದು. ಎರಡನೇ ಮಹಾಯುದ್ಧದಲ್ಲಿ ಜೀಪ್ ಹಿಂದೆ ಎಳೆಯೋಕೆ ವಿಲ್ಲಿಸ್, ಬ್ಯಾಂಟಮ್ ಕಂಪನಿಗಳು ಕಾಲು ಟನ್ ಟ್ರೈಲರ್ ಮಾಡಿದ್ದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದದ್ದನ್ನು ಜನ ಕೊಂಡುಕೊಂಡರು. ಇವತ್ತಿಗೂ ಅದರ ಮೇಲೆ ಟೆಂಟ್ ಕಟ್ಟಿ ತಿರುಗುವವರಿದ್ದಾರೆ.

ನಮಗೂ ಇದು ಹೊಸದಲ್ಲ. ತಾತ ಹುಡುಗರಾಗಿದ್ದಾಗ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಮಾನು ಗಾಡಿಯಲ್ಲಿ ಹೋಗ್ತಿದ್ದರಂತೆ. ಗಾಡಿ ಒಳಗೆ ಹೆಂಗಸರು ಮಕ್ಕಳು, ಕೆಳಗೆ ಗಂಡಸರು, ಪಕ್ಕದಲ್ಲಿ ಮೂರು ಕಲ್ಲಿನ ಒಲೆ. ಮೊನ್ನೆ ಮೊನ್ನೆ, 2020ರ ನವೆಂಬರ್‌ನಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ, ದೆಹಲಿಯ ಸಿಂಘು, ಟಿಕ್ರಿ ಗಡಿಗಳಲ್ಲಿ ರೈತರು ಟ್ರಾಲಿಗಳಿಗೆ ಟಾರ್ಪಾಲ್ ಹೊದಿಸಿ ಅದರಲ್ಲೇ ಬದುಕಿದರು. ಅಲ್ಲಿಂದ ಹೊರಟ ಪತ್ರಿಕೆಯ ಹೆಸರೇ 'ಟ್ರಾಲಿ ಟೈಮ್ಸ್'. ಅದು ಪಿಕ್ನಿಕ್ ಅಲ್ಲ, ಹೋರಾಟ. ಆದರೆ ಟ್ರೈಲರ್ ಮನೆ ಆಗಬಹುದು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟೆಲ್ಲಾ ಹೇಳಿ ತಾತನ್ನ ಒಪ್ಪಿಸಿದೆ. ಕೋಳಿಗಳನ್ನು ಓಡಿಸಿ, ಮಾವನ ಟ್ರ್ಯಾಕ್ಟರ್‌ಗೆ ಕೊಂಡಿ ಹಾಕಿ, ಹೊಲದ ಕೊನೆಗೆ ಎಳೆದುಕೊಂಡು ಹೋದ್ವಿ. ಟ್ರ್ಯಾಕ್ಟರ್‌ಗಿಂತ ಒಳ್ಳೆ ಆಫ್-ರೋಡ್ ಗಾಡಿ ಯಾವುದಿದೆ ಹೇಳಿ! ಮಾವ ಕೊಂಡಿ ಬಿಚ್ಚಿ, ಮುಂದೆ ಒಂದು ಸ್ಟ್ಯಾಂಡ್ ಕೊಟ್ಟು ಹೋದರು. ರಾತ್ರಿ ನಾಲ್ಕು ಜನ ಹಿಂದಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ನಕ್ಷತ್ರ ನೋಡ್ತಾ ಕೂತ್ವಿ. ಇದ್ದಕ್ಕಿದ್ದಂತೆ ಮುಂಭಾಗ ಮೇಲೆದ್ದು ಹಿಂಭಾಗ ನೆಲಕ್ಕೆ ಬಡಿಯಿತು. ಸ್ಟೌವ್ ಜಾರಿ ಬಂದು, ಕುದಿಯೋ ನೀರು ನನ್ನ ಅತ್ತೆ ಮಗನ ಪಾದದ ಮೇಲೆ ಚೆಲ್ಲಿತು. ಗಾಯ ಮಾಯೋಕೆ ಮೂರು ವಾರ ಬೇಕಾಯ್ತು. ಮೊದಲ ವರ್ಷ ಮೊಮೆಂಟ್ ಲೆಕ್ಕ ಮಾಡಿ ಪಾಸಾದವನು ನಾನು. ಟ್ರೈಲರ್‌ನ ಅಚ್ಚು ಸೀಸಾದ ನಡುಗಂಬ ಇದ್ದ ಹಾಗೆ ಅಂತ ಆ ರಾತ್ರಿ ಹೊಳೆಯಲೇ ಇಲ್ಲ.

ಮಾರನೇ ದಿನ ತಾತ "ಗುಜರಿಗೆ ಹಾಕ್ತೀನಿ" ಅಂದರು. ಅವರ ಸಿಟ್ಟು ನ್ಯಾಯವೇ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ತಪ್ಪು ಟ್ರೈಲರ್‌ದಲ್ಲ, ನಮ್ಮದು. ಹೊರೆ ಹೊರೋಕೆ ಮಾಡಿದ್ದರಲ್ಲಿ ಜನ ಮಲಗಬೇಕಾದರೆ ಅದನ್ನು ಸ್ವಲ್ಪ ಬದಲಾಯಿಸಲೇಬೇಕು. ಹಿಂದೆ ಎರಡು ಮೂಲೆಗೂ ಜ್ಯಾಕ್, ಚಕ್ರಕ್ಕೆ ಕಟ್ಟೆ. ಒಲೆ ಯಾವಾಗಲೂ ನೆಲದ ಮೇಲೆ. ತಗಡಿನ ಚಾವಣಿ ಬೇಡ, ಭಾರ ಮೇಲಕ್ಕೆ ಹೋದಷ್ಟೂ ಉರುಳೋದು ಸುಲಭ; ಕಮಾನು ಗಾಡಿ ಥರ ಬಳೆ ಬಗ್ಗಿಸಿ ಟಾರ್ಪಾಲ್ ಸಾಕು. 200 ಲೀಟರ್ ನೀರು ಅಂದರೆ 200 ಕೆ.ಜಿ., ಅದನ್ನು ಅಚ್ಚಿಗಿಂತ ಸ್ವಲ್ಪ ಮುಂದೆ, ತಳದಲ್ಲಿ ಇಡಬೇಕು. ಭಾರ ಹಿಂದಕ್ಕೆ ಹೋದರೆ ಓಡುವಾಗ ಟ್ರೈಲರ್ ಬಾಲ ಅಲ್ಲಾಡಿಸುತ್ತೆ. ಆರ್‌.ಸಿ.ಯಲ್ಲಿ ಇರೋ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಬದಲಾವಣೆ ಮಾಡೋ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನೇ ಹೇಳುತ್ತೆ.

ಎಲ್ಲಕ್ಕಿಂತ ಮುಖ್ಯ: ಓಡುವಾಗ ಅದರಲ್ಲಿ ಸಾಮಾನು ಮಾತ್ರ, ಜನ ಬೇಡ. ಮದುವೆ, ಜಾತ್ರೆ ಅಂತ ಟ್ರೈಲರ್ ತುಂಬಾ ಜನ ಹೋಗಿ ಮಗುಚಿಕೊಂಡ ಸುದ್ದಿ ಓದ್ತಾನೇ ಇರ್ತೀವಿ. ನಿಂತ ಮೇಲೆ ಅದು ಮನೆ, ಅಲ್ಲಿವರೆಗೆ ಬರೀ ಲಗೇಜು.

ಅತ್ತೆ ಮಗ ಈಗ ಓಡಾಡ್ತಿದ್ದಾನೆ, ಮತ್ತೆ ಬರ್ತೀನಿ ಅಂತಾನೆ. ತಾತ ಸಂಕ್ರಾಂತಿವರೆಗೆ ಟೈಮ್ ಕೊಟ್ಟಿದ್ದಾರೆ. ವೆಲ್ಡಿಂಗ್ ಬರೋರು ಯಾರಾದ್ರೂ ಇದ್ದರೆ ಮೆಕ್ಯಾನಿಕಲ್ ಬ್ಲಾಕ್ ಹತ್ತಿರ ಸಿಗಿ. ಕೋಳಿಗಳಿಗೆ ಬೇರೆ ಜಾಗ ನಾನು ನೋಡ್ತೀನಿ.