ಸರ್ವಿಸಿಂಗ್ ಬಿಲ್ಲು ಮತ್ತು ವಾರಂಟಿಯ ಗುಮ್ಮ

ಖಾನಾಪುರದ ಒಬ್ಬ ತರಕಾರಿ ದಲಾಲರು 2025ರ ದೀಪಾವಳಿ ಮುಗಿದ ಮೇಲೆ ಒಂದು ಕಾಗದ ತಂದು ನಮ್ಮ ಮುಂದೆ ಇಟ್ಟರು. "ಇದನ್ನ ಸ್ವಲ್ಪ ಓದಿ ಹೇಳ್ರಿ. ಗಾಡಿ ಕೆಟ್ಟಿದ್ದಿಲ್ಲ, ಬರೇ ಸರ್ವಿಸಿಂಗಿಗೆ ಬಿಟ್ಟಿದ್ದೆ" ಅಂದರು. ಮೊತ್ತ 9,230 ರೂಪಾಯಿ. ಸಣ್ಣ ಕಾರು, 30 ಸಾವಿರ ಕಿಲೋಮೀಟರಿನ ಸರ್ವಿಸಿಂಗು.

ಇವರ ವಹಿವಾಟು ನಮ್ಮ ಗಡಿಯ ಬಹಳ ಮಂದಿಯದ್ದೇ. ರಾತ್ರಿ ಟೆಂಪೋದಲ್ಲಿ ಮಾಲು ಗೋವಾಕ್ಕೆ ಇಳಿಯುತ್ತದೆ, ವಾರಕ್ಕೊಮ್ಮೆ ಇವರು ಕಾರು ತೆಗೆದುಕೊಂಡು ಮಾಪುಸಾ, ಫೋಂಡಾ, ಮಡಗಾಂವ್ ಸುತ್ತಿ ವಸೂಲಿ ಮಾಡಿಕೊಂಡು ಬರುತ್ತಾರೆ. ಕಾರು ಕೊಂಡದ್ದೂ ಗೋವಾದಲ್ಲೇ, ಸರ್ವಿಸಿಂಗೂ ಅದೇ ಶೋರೂಮಿನಲ್ಲಿ. ಬೇರೆ ಕಡೆ ಯಾಕೆ ಮಾಡಿಸಲಿಲ್ಲ ಎಂದು ಕೇಳಿದ್ದಕ್ಕೆ ಬಂದ ಉತ್ತರ: "ಗಾಡಿ ಅವರ ಕಡೆನ ತೊಗೊಂಡೇವಿ, ಅವರ ಕಡೆನ ಮಾಡಸಬೇಕಲ್ರಿ. ಇಲ್ಲಾಂದ್ರ ವಾರಂಟಿ ಹೋಗತೈತಂತ."

ಈ "ಹೋಗತೈತಂತ" ಅನ್ನುವ ಒಂದು ಮಾತಿನ ಮೇಲೆ ಎಷ್ಟು ದೊಡ್ಡ ವ್ಯಾಪಾರ ನಿಂತಿದೆ ಅನ್ನುವುದು ಬಿಲ್ಲು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ.

ಬಿಲ್ಲಿನ ಒಳಗೆ

ತೆರಿಗೆ ಸೇರಿಸಿ ಎಂಜಿನ್ ಆಯಿಲ್ 1,560. ಆಯಿಲ್ ಫಿಲ್ಟರು 120, ಏರ್ ಫಿಲ್ಟರು 310, ಒಂದು ವಾಷರು 20. ಅಲ್ಲಿಗೆ 2,010 ಆಯಿತು. ಲೇಬರ್ 1,850. ವ್ಹೀಲ್ ಅಲೈನ್‌ಮೆಂಟು, ಬ್ಯಾಲೆನ್ಸಿಂಗು 750. ಇಷ್ಟರ ಬಗ್ಗೆ ತಕರಾರು ಬೇಡ. ಚೋರ್ಲಾ ಘಾಟಿನ ತಿರುವು ಮತ್ತು ಗುಂಡಿಗಳಲ್ಲಿ ವಾರಕ್ಕೊಮ್ಮೆ ಓಡಾಡುವ ಗಾಡಿಗೆ ಅಲೈನ್‌ಮೆಂಟು ಬೇಕೇ ಬೇಕು.

ಉಳಿದದ್ದು ನೋಡಿ. ಎ.ಸಿ. ಶುದ್ಧೀಕರಣ 980. ಥ್ರಾಟಲ್ ಕ್ಲೀನಿಂಗ್ 690. ಬ್ರೇಕ್ ಕ್ಲೀನಿಂಗ್ 550. ಗಾಡಿಯ ಹೊಟ್ಟೆಗೆ ಬಳಿಯುವ ತುಕ್ಕುನಿರೋಧಕ ಲೇಪ 2,400. ಕೂಡಿಸಿದರೆ 4,620 ರೂಪಾಯಿ, ಅಂದರೆ ಬಿಲ್ಲಿನ ಬರೋಬ್ಬರಿ ಅರ್ಧ. ಗಾಡಿಯ ಜೊತೆಗೆ ಕೊಟ್ಟ ಪುಸ್ತಕದಲ್ಲಿ 30 ಸಾವಿರ ಕಿಲೋಮೀಟರಿನ ಸಾಲು ತೆಗೆದು ಓದಿದೆವು. ಈ ನಾಲ್ಕರಲ್ಲಿ ಒಂದೂ ಅಲ್ಲಿ ಇಲ್ಲ.

"ನೀವು ಹೇಳಿದ್ದಿರಾ ಇದನ್ನೆಲ್ಲ ಮಾಡ್ರಿ ಅಂತ?" "ಇಲ್ಲ. ಅವ ಏನೋ ಹಿಂದ್ಯಾಗ ಪಟಪಟ ಅಂದ, ನಾನು ಹೂಂ ಅಂದೆ. ಮಂದಿ ಕಾಯಾಕತ್ತಿದ್ರು, ಸಹಿ ಮಾಡಿ ಬಂದೆ."

ಲೇಪದ ಮಾತಿಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಗೋವಾದಲ್ಲಿ ಅದಕ್ಕೆ ಒಂದು ನ್ಯಾಯವೂ ಇದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಾಡು, ಮೇಲೆ ಸಮುದ್ರದ ಉಪ್ಪುಗಾಳಿ. ವಾಸ್ಕೋ ಅಥವಾ ಕಾರವಾರದ ದಂಡೆಯಲ್ಲಿ ಬಯಲಲ್ಲೇ ನಿಲ್ಲುವ ಗಾಡಿಗೆ ಲೇಪ ಹಾಕಿಸಿದರೆ ರೊಕ್ಕ ದಂಡವಲ್ಲ. ಆದರೆ ಅದು ಒಮ್ಮೆ ಹಾಕಿಸಿದರೆ ಕೆಲವು ವರ್ಷ ಬರುವ ವಸ್ತು. ನಮ್ಮ ದಲಾಲರ ಗಾಡಿಗೆ 20 ಸಾವಿರದ ಸರ್ವಿಸಿಂಗಿನಲ್ಲೂ ಇದೇ ಲೇಪ ಹಾಕಿದ್ದಾರೆ! ಗಾಡಿ ನಿಲ್ಲುವುದು ಖಾನಾಪುರದ ಮನೆಯ ಶೆಡ್ಡಿನಲ್ಲಿ. ಥ್ರಾಟಲ್ ಕ್ಲೀನಿಂಗ್ ಕೂಡ ಹಾಗೆಯೇ. ಎಂಜಿನ್ ನಿಂತಲ್ಲಿ ನಡುಗಿದರೆ, ಪಿಕಪ್ ಎಳೆದರೆ ಮಾಡಿಸುವಂಥದ್ದು. ಸರಿಯಾಗಿ ಓಡುವ ಗಾಡಿಗೆ ಅದರ ಕೆಲಸ ಏನಿದೆ?

ಶೋರೂಮಿನವನ ಲೆಕ್ಕ

ಗೋವಾ ಕಾರುಗಳ ರಾಜ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಲ್ಲಿ ನೂರು ಮನೆಗಳಲ್ಲಿ ಸುಮಾರು 45 ಮನೆಗಳಿಗೆ ಕಾರು ಇತ್ತು. ದೇಶದ ಸರಾಸರಿ ನೂರಕ್ಕೆ ಎಂಟನ್ನೂ ಮುಟ್ಟಿರಲಿಲ್ಲ. ಇಷ್ಟು ಗಾಡಿಗಳಿದ್ದ ಮೇಲೆ ಸ್ಪರ್ಧೆ ಬಿದ್ದು ದರ ಇಳಿಯಬೇಕಲ್ಲ ಎಂದು ವ್ಯಾಪಾರ ಬಲ್ಲ ನಮ್ಮ ಓದುಗರು ಕೇಳಬಹುದು. ಇಳಿಯುವುದಿಲ್ಲ. ಗಾಡಿ ಕೊಳ್ಳುವಾಗ ನಾಲ್ಕು ಕಂಪನಿಯ ಬಾಗಿಲು ತಟ್ಟಿ ಚೌಕಾಶಿ ಮಾಡುತ್ತೇವೆ. ಕೊಂಡ ಮೇಲೆ ಬಾಗಿಲು ಒಂದೇ. ಒಂದು ಕಂಪನಿಯ ಫಿಲ್ಟರು ಇನ್ನೊಂದಕ್ಕೆ ಕೂರುವುದಿಲ್ಲ, ಒಂದು ಶೋರೂಮಿನಲ್ಲಿ ದರ ಹೆಚ್ಚೆಂದು ಬೇರೆ ಕಂಪನಿಯ ಶೋರೂಮಿಗೆ ಹೋಗಲು ಬರುವುದಿಲ್ಲ.

ಡೀಲರನ ಕಷ್ಟವನ್ನೂ ಹೇಳಬೇಕು. ಹೊಸ ಗಾಡಿ ಮಾರಿದಾಗ ಅವನಿಗೆ ಉಳಿಯುವ ಮಾರ್ಜಿನ್ ಬಹಳ ಸಣ್ಣದು. ಅದರಲ್ಲೇ ರಿಯಾಯಿತಿ, ಸೀಟ್ ಕವರು, ಮ್ಯಾಟು ಎಂದು ಗಿರಾಕಿ ಕಿತ್ತುಕೊಳ್ಳುತ್ತಾನೆ. ಹೆದ್ದಾರಿ ಪಕ್ಕದ ಜಾಗ, ಗಾಜಿನ ಕಟ್ಟಡ, ದಾಸ್ತಾನಿನ ಮೇಲಿನ ಬ್ಯಾಂಕ್ ಬಡ್ಡಿ, ಇದನ್ನೆಲ್ಲ ಎತ್ತಿ ಹಿಡಿಯುವುದು ಹಿಂದಿನ ವರ್ಕ್‌ಶಾಪು. ಹಾಗಾಗಿ ಮುಂದೆ ಕುಳಿತ ಸರ್ವಿಸ್ ಅಡ್ವೈಸರ್ ಹುಡುಗನಿಗೆ ತಿಂಗಳ ಗುರಿ ಇರುತ್ತದೆ: ಇಷ್ಟು ಲೇಪ, ಇಷ್ಟು ಎ.ಸಿ. ಶುದ್ಧೀಕರಣ, ಇಷ್ಟು ಪಾಲಿಶು. ಗಾಡಿಗೆ ಏನು ಬೇಕು ಅನ್ನುವುದಕ್ಕಿಂತ ಗುರಿಗೆ ಎಷ್ಟು ಕಡಿಮೆ ಬಿದ್ದಿದೆ ಅನ್ನುವುದೇ ಅವನ ತಲೆಯಲ್ಲಿ ಕುಳಿತಿರುತ್ತದೆ. ಆ ಹುಡುಗನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ, ಬಹಳ ಸಲ ಅವನು ನಮ್ಮ ಕಡೆಯವನೇ ಇರುತ್ತಾನೆ.

"ಫ್ರೀ ಸರ್ವಿಸ್" ಎಂಬ ಮಾತಿಗೂ ಮರುಳಾಗಬೇಡಿ. ಅಲ್ಲಿ ಪುಕ್ಕಟೆ ಇರುವುದು ಲೇಬರ್ ಮಾತ್ರ. ಆಯಿಲ್, ಫಿಲ್ಟರಿಗೆ ರೊಕ್ಕ ಕೊಡಲೇಬೇಕು. ಮೇಲಿನ ಉಪಚಾರಗಳನ್ನು ಸೇರಿಸುವ ರೂಢಿ ಶುರುವಾಗುವುದೂ ಅಲ್ಲಿಂದಲೇ.

ತೆರಿಗೆಯ ಕಡೆಯಿಂದ ಒಂದು ಒಳ್ಳೆಯ ಸುದ್ದಿ ಬಂದಿತ್ತು. 2025ರ ಸೆಪ್ಟೆಂಬರ್ 22ರಿಂದ, ಅಲ್ಲಿಯವರೆಗೆ ಶೇ. 28 ಜಿ.ಎಸ್.ಟಿ. ಇದ್ದ ಬಿಡಿಭಾಗಗಳೂ ಶೇ. 18ಕ್ಕೆ ಇಳಿದವು. ನಮ್ಮ ದಲಾಲರ ಬಿಲ್ಲು ಅದರ ನಂತರದ್ದು. ಫಿಲ್ಟರಿನಲ್ಲಿ ಹತ್ತಿಪ್ಪತ್ತು ರೂಪಾಯಿ ಇಳಿದಿರಬಹುದು. ಆಯಿಲು, ಲೇಬರು ಮೊದಲೇ ಶೇ. 18ರಲ್ಲಿದ್ದವು. ಸೋರಿಕೆ ಇರುವುದು ಬೇರೆ ಕಡೆ ಇದ್ದಾಗ ತೆರಿಗೆ ಇಳಿದರೆ ಗಿರಾಕಿಗೆ ಎಷ್ಟು ಉಳಿದೀತು?

ವಾರಂಟಿ ಯಾವಾಗ ಹೋಗುತ್ತದೆ?

ಈ ಪ್ರಶ್ನೆ ದಿಲ್ಲಿಯಲ್ಲಿ ಒಮ್ಮೆ ದೊಡ್ಡದಾಗಿಯೇ ಇತ್ಯರ್ಥಕ್ಕೆ ಬಂದಿತ್ತು. 2011ರಲ್ಲಿ ಒಬ್ಬ ಗ್ರಾಹಕರು ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು: ಕಂಪನಿಗಳು ಅಸಲಿ ಬಿಡಿಭಾಗಗಳನ್ನೂ ಎಂಜಿನ್ ತಪಾಸಣೆಯ ಉಪಕರಣಗಳನ್ನೂ ತಮ್ಮ ಡೀಲರುಗಳಿಗೆ ಮಾತ್ರ ಕೊಟ್ಟು, ಹೊರಗಿನ ಗ್ಯಾರೇಜಿನವರ ಕೈ ಕಟ್ಟುತ್ತಿವೆ ಎಂದು. ತನಿಖೆ ಬೆಳೆಯುತ್ತಾ ಹೋಯಿತು. 2014ರ ಆಗಸ್ಟ್ 25ರಂದು ಆಯೋಗವು ಮಾರುತಿ, ಟಾಟಾ, ಮಹೀಂದ್ರಾ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಸೇರಿದಂತೆ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲ್ಪಟ್ಟು ದಂಡ ಹಾಕಿತು. ಟಾಟಾ ಒಂದಕ್ಕೇ 1,346 ಕೋಟಿ.

ದಂಡಕ್ಕಿಂತ ನಮಗೆ ಮುಖ್ಯವಾದದ್ದು ಆದೇಶದ ಉಳಿದ ಭಾಗ. ಬಿಡಿಭಾಗಗಳು ತೆರೆದ ಮಾರುಕಟ್ಟೆಯಲ್ಲಿ ಸಿಗಬೇಕು. ತಪಾಸಣೆಯ ಉಪಕರಣಗಳು ಹೊರಗಿನ ಗ್ಯಾರೇಜಿಗೂ ದೊರೆಯಬೇಕು. ಹೊರಗಡೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲ. ಹೊರಗಿನವನ ಕೈಕೆಲಸದಿಂದಲೇ ಯಾವುದಾದರೂ ಭಾಗ ಕೆಟ್ಟರೆ ಆ ಭಾಗಕ್ಕೆ ಕಂಪನಿ ಇಲ್ಲ ಅನ್ನಬಹುದು, ಅದು ನ್ಯಾಯವೇ. ಆಯಿಲ್ ಹೊರಗೆ ಬದಲಿಸಿದ್ದಕ್ಕೆ ಪವರ್ ವಿಂಡೋ ರಿಪೇರಿ ಮಾಡುವುದಿಲ್ಲ ಅನ್ನುವುದು ನ್ಯಾಯವಲ್ಲ. ಅಮೆರಿಕದಲ್ಲಿ ಇಂಥ ಕಟ್ಟುಪಾಡನ್ನು ತಡೆಯುವ ಕಾನೂನು 1975ರಲ್ಲೇ ಬಂದಿತ್ತು.

ಆಮೇಲೆ ಏನಾಯಿತು? ಕಂಪನಿಗಳು ಮೇಲ್ಮನವಿಗೆ ಹೋದವು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಟೊಯೊಟಾ, ಫೋರ್ಡ್, ನಿಸ್ಸಾನ್ ವಿಷಯದಲ್ಲಿ ತಪ್ಪು ನಡೆದಿದೆ ಎಂಬುದನ್ನು ಒಪ್ಪಿ, ದಂಡವನ್ನು ತಗ್ಗಿಸಿತು. ದಾವೆಗಳು ಇನ್ನೂ ಮೇಲಕ್ಕೆ ಹತ್ತಿದವು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ "ರಿಪೇರಿಯ ಹಕ್ಕು" ಎಂದು ಒಂದು ಪೋರ್ಟಲ್ ತೆರೆದು ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಒಳ್ಳೆಯದೇ. ಆದರೆ ಶೋರೂಮಿನ ಕೌಂಟರಿನಲ್ಲಿ "ವಾರಂಟಿ ಹೋಗುತ್ತೆ ಸರ್" ಅನ್ನುವ ಮಾತು ಮಾತ್ರ ಇನ್ನೂ ಹೋಗಿಲ್ಲ. ಆದೇಶದ ಪ್ರತಿ ಹಿಡಿದು ಹೋದ ಕೂಡಲೇ ಆ ಹುಡುಗ ಬಗ್ಗುತ್ತಾನೆ ಎಂದು ನಾವು ಆಸೆ ಹುಟ್ಟಿಸುವುದಿಲ್ಲ.

ಹೊರಗಿನ ಗ್ಯಾರೇಜು

ಗೋವಾದ ಟ್ಯಾಕ್ಸಿಯವರನ್ನು ಕೇಳಿ ನೋಡಿ. ವಾರಂಟಿ ಮುಗಿದ ಮರುದಿನ ಶೋರೂಮಿನ ದಾರಿ ಮರೆಯುವವರೇ ಹೆಚ್ಚು. ಪ್ರತಿಯೊಬ್ಬನಿಗೂ ಗುರುತಿನ ಒಬ್ಬ ಮಿಸ್ತ್ರಿ ಇರುತ್ತಾನೆ, "ಪಾತ್ರಾಂವ್, ಪ್ಯಾಡು ಇನ್ನೂ ಐದು ಸಾವಿರ ಕಿಲೋಮೀಟರ್ ನಡೀತದ, ಈಗ ಬೇಡ" ಎಂದು ಹೇಳುವವ. ಹಾಗೆ ಬೇಡ ಅನ್ನುವ ಒಬ್ಬ ಮನುಷ್ಯ ಸಿಕ್ಕರೆ ಕಾರಿನ ಖರ್ಚು ಅರ್ಧಕ್ಕೆ ಇಳಿದಂತೆ.

ಬಿಡಿಭಾಗದ ಕಥೆಯೂ ಹಾಗೆ. ಕಂಪನಿಯ ಹೆಸರಿನ ಡಬ್ಬಿಯಲ್ಲಿರುವ ಆಯಿಲನ್ನು ಕಾರು ಕಂಪನಿ ತಯಾರಿಸುವುದಿಲ್ಲ, ಆಯಿಲ್ ಕಂಪನಿಗಳೇ ಮಾಡಿಕೊಡುತ್ತವೆ. ಪುಸ್ತಕದಲ್ಲಿ ಬರೆದ ಗ್ರೇಡು ನೋಡಿ ಅದೇ ಗ್ರೇಡಿನ ಒಳ್ಳೆಯ ಆಯಿಲ್ ಹಾಕಿದರೆ ಎಂಜಿನ್ನಿಗೆ ಡಬ್ಬಿಯ ಬಣ್ಣ ಗೊತ್ತಾಗುವುದಿಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಮೋಟಾರು ಭಾಗಗಳ ಎರಕ ಹೊಯ್ಯುವುದನ್ನು ಕಂಡವರಿಗೆ, ಕಾರು ಕಂಪನಿ ಎಲ್ಲ ಭಾಗಗಳನ್ನೂ ತಾನೇ ಮಾಡುವುದಿಲ್ಲ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಹೊರಗಿನ ಗ್ಯಾರೇಜು ಸ್ವರ್ಗ ಅಂತ ಬರೆದರೆ ಸುಳ್ಳಾದೀತು. ನಕಲಿ ಫಿಲ್ಟರು, ನಕಲಿ ಬ್ರೇಕ್ ಪ್ಯಾಡು ಮಾರುಕಟ್ಟೆಯಲ್ಲಿ ಧಾರಾಳ ಸಿಗುತ್ತವೆ. ಅನಮೋಡ ಘಾಟು ಇಳಿಯುವಾಗ ನಕಲಿ ಪ್ಯಾಡು ಕೈಕೊಟ್ಟರೆ ಉಳಿಸಿದ ಇನ್ನೂರು ರೂಪಾಯಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ಬಿಲ್ಲು ಕೊಡಲು ಬಹಳ ಮಿಸ್ತ್ರಿಗಳು ಹಿಂದೆಮುಂದೆ ನೋಡುತ್ತಾರೆ, ಬಿಲ್ಲಿಲ್ಲದೆ ಮುಂದೆ ವಾರಂಟಿಯ ವಾದ ಮಾಡಲು ಬರುವುದಿಲ್ಲ. ಇನ್ನೊಂದು ದೊಡ್ಡ ತೊಡಕು 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಗಾಡಿಗಳದ್ದು. ಎಲ್ಲ ಸೆನ್ಸರು, ಎಲ್ಲ ಎಲೆಕ್ಟ್ರಾನಿಕ್ಸು. ಕಂಪ್ಯೂಟರ್ ಹಚ್ಚದೆ ದೋಷ ಹುಡುಕಲು ಆಗುವುದಿಲ್ಲ, ಆ ಉಪಕರಣವೂ ಸಾಫ್ಟ್‌ವೇರೂ ಸಣ್ಣ ಗ್ಯಾರೇಜಿನ ಕೈಗೆ ಸುಲಭವಾಗಿ ಎಟಕುವುದಿಲ್ಲ. ಮೂವತ್ತು ವರ್ಷ ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳಿದ ಮಿಸ್ತ್ರಿ ಈಗ ಡ್ಯಾಶ್‌ಬೋರ್ಡಿನ ಹಳದಿ ದೀಪ ನೋಡಿ "ಶೋರೂಮಿಗೇ ಒಯ್ಯಿರಿ" ಅನ್ನುತ್ತಾನೆ. ಈ ವಿಷಯದಲ್ಲಿ ಆಯೋಗದ ಆದೇಶ ನೆಲಕ್ಕೆ ಇಳಿಯದೆ ಹೋದರೆ ಇನ್ನು ಹತ್ತು ವರ್ಷದಲ್ಲಿ ಹೊರಗಿನ ಗ್ಯಾರೇಜಿಗೆ ಪಂಕ್ಚರು ಮತ್ತು ವಾಷಿಂಗ್ ಬಿಟ್ಟು ಬೇರೆ ಕೆಲಸ ಉಳಿಯಲಿಕ್ಕಿಲ್ಲ. ಆಗ 9,230 ಅನ್ನುವುದು ಸೋವಿ ಬಿಲ್ಲಾಗುತ್ತದೆ.

ಸದ್ಯಕ್ಕೆ ನಮ್ಮ ಅಭಿಪ್ರಾಯ ಇಷ್ಟು. ವಾರಂಟಿ ಇರುವವರೆಗೆ ಕಂಪನಿಯ ವರ್ಕ್‌ಶಾಪನ್ನೇ ಇಟ್ಟುಕೊಳ್ಳಿ, ಹಕ್ಕಿಗಾಗಿ ಕೋರ್ಟು ಹತ್ತುವ ಪುರಸೊತ್ತು ಎಲ್ಲರಿಗೂ ಇರುವುದಿಲ್ಲ. ಆದರೆ ಗೋವಾದಲ್ಲಿ ಕೊಂಡ ಗಾಡಿಯನ್ನು ಗೋವಾದಲ್ಲೇ ಮಾಡಿಸಬೇಕು ಎಂದೇನಿಲ್ಲ. ಸಾಮಾನ್ಯವಾಗಿ ಕಂಪನಿಯ ಯಾವುದೇ ಅಧಿಕೃತ ವರ್ಕ್‌ಶಾಪಿನಲ್ಲಿ ವಾರಂಟಿಯೂ ಫ್ರೀ ಸರ್ವಿಸೂ ನಡೆಯುತ್ತವೆ. ಲೇಬರ್ ದರ ಊರಿಂದ ಊರಿಗೆ ಬೇರೆ ಇರುವುದರಿಂದ ಬೆಳಗಾವಿ, ಹುಬ್ಬಳ್ಳಿಗೆ ಒಂದು ಫೋನ್ ಮಾಡಿ ಕೇಳಿದರೆ ನಷ್ಟವಿಲ್ಲ. ಪುಸ್ತಕದ ಆ ಪುಟ ತೆರೆದಿಟ್ಟುಕೊಂಡು ಜಾಬ್ ಕಾರ್ಡ್ ಬರೆಸಿ, ಎಸ್ಟಿಮೇಟಿನ ಮೊತ್ತ ಕಾಣದೆ ಸಹಿ ಹಾಕಬೇಡಿ, ಬದಲಿಸಿದ ಹಳೆಯ ಭಾಗ ವಾಪಸು ಕೇಳಿ.

ಕೇಳದ ಕೆಲಸಕ್ಕೆ ಬಿಲ್ಲು ಹಾಕಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಗಡಿಯ ಜನರು ಗಮನಿಸಬೇಕಾದದ್ದು ಇನ್ನೊಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಬಿಲ್ಲು ಗೋವಾದ್ದಾದರೂ ದೂರು ಬೆಳಗಾವಿಯಲ್ಲಿ, ಕಾರವಾರದಲ್ಲಿ ನಡೆಯುತ್ತದೆ, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಗಾಡಿ ವ್ಯಾಪಾರಕ್ಕೆ ಬಳಸುತ್ತೀರಿ, ನೀವು ಗ್ರಾಹಕರೇ ಅಲ್ಲ ಎಂದು ಎದುರಿನ ವಕೀಲರು ವಾದಿಸಬಹುದು. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಬಳಸುವವರಿಗೆ ಕಾಯ್ದೆ ರಿಯಾಯಿತಿ ಕೊಟ್ಟಿದೆ, ದೂರಿನಲ್ಲಿ ಅದನ್ನು ಮೊದಲೇ ಬರೆಯಬೇಕು.

ನಮ್ಮ ದಲಾಲರು ದೂರು ಹಾಕಲಿಲ್ಲ. ಮೊನ್ನೆ 40 ಸಾವಿರದ ಸರ್ವಿಸಿಂಗಿಗೆ ಅದೇ ಶೋರೂಮಿಗೆ ಹೋದರು, ಪುಸ್ತಕ ಕೈಯಲ್ಲಿತ್ತು. ಈ ಸಲ ಸ್ಪಾರ್ಕ್ ಪ್ಲಗ್ಗು, ಬ್ರೇಕ್ ಆಯಿಲು ಕೂಡ ಬದಲಿಸುವ ಸರದಿ, ಆದರೂ ಬಿಲ್ಲು 5,260. ಹೊರಡುವ ಮುಂಚೆ ಅಡ್ವೈಸರ್ ಹುಡುಗ ಇನ್ನೊಂದು ಚೀಟಿ ಮುಂದೆ ಹಿಡಿದನಂತೆ, ಶಿಫಾರಸು ಮಾಡಿದ ಉಪಚಾರಗಳನ್ನು ಗಿರಾಕಿ ನಿರಾಕರಿಸಿದ್ದಾರೆ ಎಂದು ಅದರಲ್ಲಿ ಅಚ್ಚಾಗಿತ್ತು. "ಏನ್ ಮಾಡಿದ್ರಿ?" ಅಂದೆವು. "ಏನ್ ಮಾಡೂದು, ಕನ್ನಡದಾಗ ಸಹಿ ಮಾಡಿ, ಅದರದೂ ಒಂದು ಕಾಪಿ ಇಸಗೊಂಡು ಬಂದೆ."